ಹುಲ್ಲು ಹೊಡೆಯುವ ಮೆಷಿನ್ ಮತ್ತು ತೋಟದ ಜೀವಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡು, ಕರಾವಳಿಯ ತೋಟಗಳಲ್ಲಿ ಕತ್ತಿ ಹಿಡಿದು ಹುಲ್ಲು ಹೆರೆಯುವವರು ಈಗ ಕಡಿಮೆ. ಹೆಗಲಿಗೆ ಬೆಲ್ಟ್ ಹಾಕಿಕೊಂಡು ಹೊಡೆಯುವ ವೀಡ್ ಕಟರ್ ಎಲ್ಲ ಕಡೆ ಬಂದಿದೆ. ಕೆಲಸಕ್ಕೆ ಜನ ಸಿಗದ ಕಾಲದಲ್ಲಿ ಅದು ಬೇಕೇ ಬೇಕು. ಮೆಷಿನ್ ಬಿಟ್ಟುಬಿಡಿ ಅಂತ ಇಲ್ಲಿ ಯಾರಿಗೂ ಹೇಳುತ್ತಿಲ್ಲ. ಆದರೆ ಹುಲ್ಲು ಹೊಡೆದ ಮೇಲೆ ತೋಟದೊಳಗೆ ನಡೆದು ನೋಡಿದವರಿಗೆ ಗೊತ್ತು, ತುಂಡಾದ ಕಪ್ಪೆ, ಹಾವುರಾಣಿ, ಒಡೆದ ಮೊಟ್ಟೆ ಎಷ್ಟು ಸಿಗುತ್ತವೆ ಅಂತ. ಇದರಲ್ಲಿ ಬಹುಪಾಲು ತಪ್ಪಿಸಬಹುದಾದ ಸಾವು. ಅಡಿಕೆ, ಕಾಫಿ ತೋಟದವರು, ಮನೆ ಹಿತ್ತಲಲ್ಲಿ ಹುಲ್ಲು ಹೊಡೆಸುವವರು, ಮೆಷಿನ್ ಹಿಡಿದು ಕೆಲಸ ಮಾಡುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇವೆ.

ಮೆಷಿನ್ ಸದ್ದು ಕೇಳಿದರೆ ಪ್ರಾಣಿಗಳು ತಾವೇ ಓಡಿ ಹೋಗುವುದಿಲ್ವಾ?

ಎಲ್ಲರೂ ಮೊದಲು ಕೇಳುವುದೇ ಇದನ್ನು. ದೊಡ್ಡ ಮುಂಗುಸಿ, ಬೆಳೆದ ಮೊಲ, ಕೇರೆ ಹಾವು ಓಡುತ್ತವೆ, ನಿಜ. ಆದರೆ ಹುಲ್ಲಿನಲ್ಲಿ ಬದುಕುವ ಬಹಳಷ್ಟು ಜೀವಿಗಳು ಅಪಾಯ ಬಂದಾಗ ಓಡುವುದಿಲ್ಲ, ಅಲ್ಲಾಡದೆ ಕೂರುತ್ತವೆ. ಮೊಲದ ಮರಿ ಕಿವಿಯನ್ನು ಬೆನ್ನಿಗೆ ಒತ್ತಿಕೊಂಡು ನೆಲಕ್ಕೆ ಅಂಟಿಕೊಳ್ಳುತ್ತದೆ. ತಾಯಿ ಕೂಗಿದ ತಕ್ಷಣ ಟಿಟ್ಟಿಭದ ಮರಿ ಇದ್ದಲ್ಲೇ ಚಪ್ಪಟೆಯಾಗುತ್ತದೆ. ಕಾವು ಕೂತ ನತ್ತಿಂಗ ಹಕ್ಕಿ ನಿಮ್ಮ ಕಾಲು ತಾಗುವ ತನಕ ಏಳುವುದಿಲ್ಲ. ಕೊಳಕುಮಂಡಲ ಸುರುಳಿ ಸುತ್ತಿ ಅಲ್ಲೇ ಇರುತ್ತದೆ.

ಗಿಡುಗ, ನರಿ, ಕಾಡುಬೆಕ್ಕಿನ ಕಣ್ಣು ತಪ್ಪಿಸಲು ಇದು ಒಳ್ಳೆಯ ಉಪಾಯ. ಅಲ್ಲಾಡದಿದ್ದರೆ ಅವಕ್ಕೆ ಕಾಣುವುದಿಲ್ಲ. ಕತ್ತಿಯಲ್ಲಿ ಹೆರೆಯುವಾಗಲೂ ಈ ಉಪಾಯ ನಡೆಯುತ್ತಿತ್ತು. ಒಂದು ಕೈಯಲ್ಲಿ ಹುಲ್ಲಿನ ಹಿಡಿ, ಇನ್ನೊಂದರಲ್ಲಿ ಕತ್ತಿ, ಮುಖ ನೆಲದ ಹತ್ತಿರ. ಮೊಟ್ಟೆ ಕಂಡರೆ ಕೈ ತಾನೇ ನಿಲ್ಲುತ್ತಿತ್ತು. ಮೆಷಿನ್ ಹಾಗಲ್ಲ. ಬ್ಲೇಡ್ ನಿಮಿಷಕ್ಕೆ 6000ಕ್ಕಿಂತ ಜಾಸ್ತಿ ಸುತ್ತು ತಿರುಗುತ್ತದೆ. ಹೊಡೆಯುವವರ ಕಿವಿಯ ಮೇಲೆ ಸದ್ದು ತಡೆಯುವ ಮಫ್, ಮುಖದ ಮೇಲೆ ಜಾಲರಿ, ಕಣ್ಣು ನೆಲದಿಂದ ಐದಡಿ ಮೇಲೆ. ಹಕ್ಕಿ ತಲೆ ಮೇಲೆ ಹಾರಿ ಕೂಗಿಕೊಂಡರೂ ಅವರಿಗೆ ಕೇಳುವುದಿಲ್ಲ. ಅಡಗಿ ಕೂತ ಜೀವಕ್ಕೆ ಇವರು ಕಾಣುವುದಿಲ್ಲ, ಇವರಿಗೆ ಅದು ಕಾಣುವುದಿಲ್ಲ. ಆದ್ದರಿಂದ ನೋಡುವ ಕೆಲಸ ಮೆಷಿನ್ ಶುರುವಾಗುವ ಮೊದಲೇ ಮುಗಿಯಬೇಕು. ಮುಂದಿನ ಉತ್ತರಗಳಲ್ಲಿ ಹೇಳುವುದೆಲ್ಲ ಇದೊಂದು ಮಾತಿನ ಮೇಲೇ ನಿಂತಿದೆ.

ನಮ್ಮ ತೋಟದ ಹುಲ್ಲಲ್ಲಿ ಅಂಥದ್ದೇನಿರುತ್ತೆ?

ಜಾಗ ನೋಡಿಕೊಂಡು ಹೇಳಬೇಕು. ಅಡಿಕೆ ತೋಟದ ಬಸಿಗಾಲುವೆ ಅಂಚಿನ ದಟ್ಟ ಹುಲ್ಲಿನಲ್ಲಿ ಹುಂಡುಕೋಳಿ ಗೂಡು ಕಟ್ಟುತ್ತದೆ. ಮಳೆಗಾಲದಲ್ಲಿ ಅದರ ಕಪ್ಪು ಮರಿಗಳು ಕಾಲುವೆಯುದ್ದಕ್ಕೂ ತಾಯಿ ಹಿಂದೆ ಓಡುವುದನ್ನು ನೀವೂ ನೋಡಿರುತ್ತೀರಿ. ಬಿಸಿಲು ಬೀಳುವ ಖಾಲಿ ಜಾಗ, ಅಡಿಕೆ ಒಣಗಿಸುವ ಅಂಗಳದ ಬದಿ, ಗದ್ದೆ ಬದು ಇದ್ದರೆ ಟಿಟ್ಟಿಭ. ಬಯಲುಸೀಮೆಯ ಹೊಲದ ಅಂಚಿನಲ್ಲಿ ಗೌಜಲ, ಬುರ್ಲಿ. ನವಿಲು ಈಗ ಎಲ್ಲ ಕಡೆ ಜಾಸ್ತಿಯಾಗಿದೆ, ಅದು ಮೊಟ್ಟೆ ಇಡುವುದೂ ನೆಲದ ಮೇಲೆಯೇ, ಪೊದೆಯ ಮರೆಯಲ್ಲಿ. ಬೇಲಿಸಾಲಿನ ಗಿಡಗಳಲ್ಲಿ, ಸೊಂಟದೆತ್ತರಕ್ಕೂ ಕೆಳಗೆ, ಎಲೆ ಹೊಲಿದು ಗೂಡು ಮಾಡುವ ಸಿಂಪಿಗ ಹಕ್ಕಿ ಇರುತ್ತದೆ. ಹೊರಗಿಂದ ನೋಡಿದರೆ ಎರಡು ಎಲೆ ಅಂಟಿಕೊಂಡ ಹಾಗೆ ಕಾಣುತ್ತದೆ, ಅಷ್ಟೇ.

ನೆಲದಲ್ಲಿ ಹಾವುರಾಣಿ, ಓತಿಕ್ಯಾತ, ಉಡ, ಹತ್ತಾರು ಜಾತಿಯ ಕಪ್ಪೆ. ಇನ್ನು ಮಿಂಚುಹುಳ. ಮುಂಗಾರಿಗೆ ಮೊದಲು ರಾತ್ರಿ ಮರದ ತುಂಬ ಮಿನುಗುವುದನ್ನು ನಾವೆಲ್ಲ ನೋಡುತ್ತೇವೆ. ಹಗಲು ಅವು ಹುಲ್ಲಿನ ಎಸಳಿಗೆ ಅಂಟಿಕೊಂಡು ಸುಮ್ನೆ ಕೂತಿರುತ್ತವೆ. ಕೆಲವು ಜಾತಿಗಳಲ್ಲಿ ಹೆಣ್ಣಿಗೆ ರೆಕ್ಕೆಯೇ ಇರುವುದಿಲ್ಲ, ಹಾರಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಅದರ ಮರಿಹುಳು ತೇವದ ನೆಲದಲ್ಲಿ ಬಸವನಹುಳುಗಳನ್ನು ತಿಂದು ಬೆಳೆಯುತ್ತದೆ. ತೋಟದವರಿಗೆ ಇದಕ್ಕಿಂತ ಒಳ್ಳೆಯ ಕೆಲಸಗಾರ ಬೇಕಾ?

ಹೊಡೆಸುವ ಮೊದಲು ಏನು ಮಾಡಬೇಕು?

ನಡೆಯಬೇಕು. ಮೆಷಿನ್ ಓಡಬೇಕಾದ ಜಾಗವನ್ನೆಲ್ಲ ಒಂದು ಸಲ ನಡೆದು ನೋಡಬೇಕು. ಕೈಯಲ್ಲಿ ಉದ್ದ ಕೋಲಿರಲಿ, ಕಾಲಿಗೆ ಗಂಬೂಟು ಇರಲಿ. ಹುಲ್ಲನ್ನು ಕೋಲಿನಿಂದ ಬಡಿಯಬೇಡಿ. ಬದಿಗೆ ಸರಿಸುತ್ತ ಹೋಗಿ. ಅದಕ್ಕೆ ಬಹಳ ಹೊತ್ತೇನೂ ಬೇಡ.

ಸಾಧ್ಯವಾದರೆ ಎರಡು ಸಲ ನಡೆಯಿರಿ. ಹಿಂದಿನ ದಿನ ಸಂಜೆ ಒಮ್ಮೆ, ಹೊಡೆಯುವ ದಿನ ಶುರು ಮಾಡುವ ಮೊದಲು ಇನ್ನೊಮ್ಮೆ. ಹಿಂದಿನ ದಿನ ನಿಮ್ಮ ಓಡಾಟ ಕಂಡ ಮುಂಗುಸಿ, ಮೊಲ ರಾತ್ರಿಯೇ ಜಾಗ ಬದಲಿಸುವ ಸಾಧ್ಯತೆ ಇರುತ್ತದೆ.

ಏನು ನೋಡಬೇಕು ಅಂತ ಕೇಳಿದರೆ, ಹಕ್ಕಿಯ ನಡವಳಿಕೆ ಮೊದಲು ನೋಡಿ. ಟಿಟ್ಟಿಭ ತಲೆ ಮೇಲೆ ಸುತ್ತು ಹಾಕಿ ಕಿರುಚುತ್ತಿದ್ದರೆ ಗೂಡು ಹತ್ತಿರದಲ್ಲೇ ಇದೆ. ಗೂಡು ಅಂದರೆ ಹುಲ್ಲು ಕಡ್ಡಿ ಏನೂ ಇರುವುದಿಲ್ಲ. ನೆಲದಲ್ಲಿ ಅಂಗೈಯಗಲ ಒಂದು ತಗ್ಗು, ಸುತ್ತ ಸಣ್ಣ ಕಲ್ಲು, ಒಳಗೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಚೂಪು ತುದಿಗಳೆಲ್ಲ ನಡುವಿಗೆ ಮುಖ ಮಾಡಿರುತ್ತವೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಎರಡಡಿ ದೂರದಿಂದ ನೋಡಿದರೂ ಕಲ್ಲು ಅಂತಲೇ ಅನ್ನಿಸುತ್ತದೆ. ಕಂಡ ಮೇಲೆ ಒಮ್ಮೆ ಕಣ್ಣು ತಿರುಗಿಸಿದರೆ ಮತ್ತೆ ಹುಡುಕಬೇಕು. ಹಾಗಾಗಿ ಕಂಡ ಕೂಡಲೇ ಗುರುತು ಹಾಕಿ: ಎರಡು ಮೂರು ಮಾರು ದೂರದಲ್ಲಿ ಕೋಲು ನೆಟ್ಟು, ತುದಿಗೆ ಬಣ್ಣದ ಬಟ್ಟೆ ಕಟ್ಟಿ. ಗೂಡಿನ ಪಕ್ಕದಲ್ಲೇ ನೆಡಬೇಡಿ. ಕಾಗೆಗೆ ನೀವೇ ವಿಳಾಸ ಕೊಟ್ಟ ಹಾಗಾಗುತ್ತದೆ.

ಹುತ್ತ, ಒಟ್ಟಿದ ಸೋಗೆ, ತರಗೆಲೆ ರಾಶಿ, ಕಲ್ಲು ಗುಡ್ಡೆ, ಧರೆಯ ಬಿಲ ಇವನ್ನೂ ಗುರುತಿಟ್ಟುಕೊಳ್ಳಿ. ನಾಯಿ ಜೊತೆಗೆ ಬರುತ್ತದೆ ಅಂದರೆ ಆ ದಿನ ಕಟ್ಟಿಹಾಕಿ.

ಎಲ್ಲಿಂದ ಶುರು ಮಾಡಬೇಕು? ಅದರಿಂದೇನು ವ್ಯತ್ಯಾಸ?

ಬಹಳ ವ್ಯತ್ಯಾಸ ಇದೆ. ಎಲ್ಲರೂ ಮಾಡುವುದು ಸುತ್ತಲಿಂದ ಹೊಡೆಯುತ್ತ ನಡುವಿಗೆ ಬರುವುದು. ಇದರಲ್ಲಿ ಒಳಗಿರುವ ಜೀವಿಗಳೆಲ್ಲ ಹಿಂದೆ ಸರಿಯುತ್ತ ಸರಿಯುತ್ತ ಕೊನೆಗೆ ನಡುವಿನ ಒಂದು ಗುಪ್ಪೆ ಹುಲ್ಲಿನಲ್ಲಿ ಸಿಕ್ಕಿಬೀಳುತ್ತವೆ. ಹೊರಗೆ ಬೋಳು ನೆಲ, ದಾಟಲು ಧೈರ್ಯ ಸಾಲದು. ಕೊನೆಯ ಆ ಗುಪ್ಪೆಯಲ್ಲೇ ಜಾಸ್ತಿ ಸಾಯುವುದು.

ಬದಲಿಗೆ ನಡುವಿನಿಂದ ಶುರು ಮಾಡಿ ಹೊರಗೆ ಬನ್ನಿ. ಇಲ್ಲದಿದ್ದರೆ ಮನೆ ಕಡೆಯಿಂದ ಹಿಡಿದು ಬೇಲಿ ಅಥವಾ ಬೆಟ್ಟದ ಕಡೆಗೆ ಪಟ್ಟಿ ಪಟ್ಟಿಯಾಗಿ ಹೋಗಿ. ಕಣಿವೆ ತೋಟವಾದರೆ ಮೇಲಿನ ಧರೆಯಲ್ಲಿ ಕಾಡು ಇರುತ್ತದಲ್ಲ, ಆ ದಿಕ್ಕಿಗೆ ಮುಖ ಮಾಡಿ ಹೊಡೆಯಿರಿ. ಓಡುವುದಕ್ಕೆ ಮರೆ ಇರುವ ದಾರಿ ಯಾವಾಗಲೂ ಮುಂದೆ ಉಳಿದಿರಬೇಕು.

ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಕಾರ್ನ್‌ಕ್ರೇಕ್ ಅನ್ನುವ ಹಕ್ಕಿ ಹುಲ್ಲುಗಾವಲಿನಲ್ಲಿ ಗೂಡು ಕಟ್ಟುತ್ತದೆ. ನಮ್ಮ ಹುಂಡುಕೋಳಿಯ ಕುಟುಂಬದ್ದೇ. ಹುಲ್ಲು ಕೊಯ್ಯುವ ಯಂತ್ರ ಬಂದ ಮೇಲೆ ಅದು ತುಂಬ ಕಡಿಮೆಯಾಯಿತು. ಅಲ್ಲಿನ ರೈತರಿಗೆ ಕಲಿಸಿದ ಮುಖ್ಯ ಪಾಠ ಎರಡು: ತಡವಾಗಿ ಕೊಯ್ಯಿರಿ, ನಡುವಿನಿಂದ ಹೊರಗೆ ಕೊಯ್ಯಿರಿ. ಹುಂಡುಕೋಳಿಯ ಮರಿಯೂ ಅದರ ಮರಿಯ ಹಾಗೇ ಹುಲ್ಲಿನ ಮರೆಯಲ್ಲಿ ಓಡುತ್ತದೆ, ಬಯಲಿಗೆ ಬರಲು ಹೆದರುತ್ತದೆ. ಆದ್ದರಿಂದ ಆ ಪಾಠ ನಮ್ಮ ಕಾಲುವೆ ಅಂಚಿಗೂ ಸಲ್ಲುತ್ತದೆ.

ಎಷ್ಟು ಎತ್ತರದಲ್ಲಿ ಹೊಡೆಯಬೇಕು?

ಎರಡು ಹಂತದಲ್ಲಿ ಹೊಡೆಯುವುದು ಒಳ್ಳೆಯದು. ಹುಲ್ಲು ಸೊಂಟದೆತ್ತರ ಬೆಳೆದಿದ್ದರೆ ಮೊದಲು ಒಂದಡಿ ಎತ್ತರಕ್ಕೆ ತನ್ನಿ. ಆಮೇಲೆ ನಿಲ್ಲಿಸಿ. ಕಾಫಿ ಕುಡಿದು ಬನ್ನಿ, ಮರುದಿನಕ್ಕೆ ಬಿಟ್ಟರೆ ಇನ್ನೂ ಒಳ್ಳೆಯದು. ಈಗ ನೆಲ ಕಾಣುತ್ತದೆ. ಇನ್ನೊಮ್ಮೆ ನಡೆದು ನೋಡಿ, ಆಮೇಲೆ ಬೇಕಾದಷ್ಟು ಕೆಳಗಿಳಿಸಿ.

ಬೇಕಾದಷ್ಟು ಅಂದರೆ ಎಷ್ಟು? ತೋಟದಲ್ಲಿ ನಾಲ್ಕರಿಂದ ಆರು ಇಂಚು ಉಳಿಸಿದರೆ ಸಾಕು. ನೆಲಕ್ಕೆ ಹತ್ತಿಸಿ ಮಣ್ಣು ಕೆದಕುವ ಹಾಗೆ ಹೊಡೆಸುವ ರೂಢಿ ಕೆಲವು ಕಡೆ ಇದೆ, ತೋಟ ‘ಕ್ಲೀನ್’ ಕಾಣಬೇಕು ಅಂತ. ಇಳಿಜಾರು ತೋಟದಲ್ಲಿ ಆ ಮಣ್ಣು ಮುಂದಿನ ಮಳೆಗೆ ಹಳ್ಳ ಸೇರುತ್ತದೆ. ಕಪ್ಪೆ, ಹಾವುರಾಣಿ ಇರುವುದು ಆ ಕೊನೆಯ ಮೂರು ನಾಲ್ಕು ಇಂಚಿನಲ್ಲೇ. ಆರು ಇಂಚು ಹುಲ್ಲು ಬಿಟ್ಟರೆ ಅಡಿಕೆಗೇನೂ ನಷ್ಟ ಇಲ್ಲ, ಹಣ್ಣಡಿಕೆ ಹೆಕ್ಕುವ ಕಾಲಕ್ಕೆ ಮಾತ್ರ ಬುಡದ ಸುತ್ತ ಚೊಕ್ಕ ಮಾಡಿಕೊಂಡರಾಯಿತು.

ಬ್ಲೇಡ್ ಹಾಕಿದರೆ ಒಳ್ಳೆಯದೋ, ನೈಲಾನ್ ದಾರವೋ?

ದಾರ ಮೆತ್ತಗೆ, ಅದರಿಂದ ಪ್ರಾಣಿಗೆ ಏನಾಗಲ್ಲ ಅಂತ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಅಷ್ಟು ವೇಗದಲ್ಲಿ ತಿರುಗುವ ದಾರ ಕಪ್ಪೆಯ ಚರ್ಮ ಸುಲಿಯುತ್ತದೆ, ಹಾವಿನ ಬೆನ್ನು ಹರಿಯುತ್ತದೆ. ಒಂದೇ ಏಟಿಗೆ ಸಾಯದೆ ನರಳುವುದೇ ಜಾಸ್ತಿ. ಅಲ್ಲದೆ ದಾರದಲ್ಲಿ ಹೊಡೆಯುವವರು ನೆಲಕ್ಕೆ ತಾಗಿಸಿಯೇ ಹೊಡೆಯುತ್ತಾರೆ. ಸವೆದ ದಾರದ ಚೂರು ಪ್ಲಾಸ್ಟಿಕ್ ಆಗಿ ತೋಟದಲ್ಲೇ ಉಳಿಯುತ್ತದೆ. ಎಳೆ ಗಿಡದ, ಮೆಣಸಿನ ಬಳ್ಳಿಯ ಸಿಪ್ಪೆಯನ್ನೂ ಸುತ್ತ ಸುಲಿದು ಹಾಕುತ್ತದೆ.

ತೋಟದ ಒಳಗೆ ಬ್ಲೇಡ್ ಹಾಕಿ ಎತ್ತರ ಹಿಡಿದು ಹೊಡೆಯುವುದೇ ನಮ್ಮ ಸಲಹೆ. ಮನೆ ಮೆಟ್ಟಿಲು, ಗೋಡೆ ಅಂಚಿಗೆ ದಾರ ಇರಲಿ. ಮೆಣಸಿನ ಬಳ್ಳಿ, ಕೋಕೋ, ಎಳೆ ಅಡಿಕೆ ಇವುಗಳ ಬುಡದಲ್ಲಿ ಒಂದು ಮಾರು ಜಾಗ ಕೈಯಲ್ಲೇ ಕೀಳಿಸಿ. ಬುಡದ ಸೊಪ್ಪಿನ ಹೊದಿಕೆಯಲ್ಲಿ ಕಪ್ಪೆಗಳು ಕೂತಿರುತ್ತವೆ. ಬಳ್ಳಿಯೂ ಉಳಿಯುತ್ತದೆ, ಕಪ್ಪೆಯೂ ಉಳಿಯುತ್ತದೆ.

ಬ್ಯಾಟರಿ ಮೆಷಿನ್ ತಗೊಂಡರೆ ಹಾನಿ ಕಡಿಮೆಯಾ?

ಬ್ಲೇಡಿಗೆ ಪೆಟ್ರೋಲು, ಬ್ಯಾಟರಿ ಅಂತ ಭೇದ ಇಲ್ಲ. ಹೊಗೆ, ಎಣ್ಣೆ ಸೋರಿಕೆ ಇಲ್ಲ, ಅದು ಒಳ್ಳೆಯದೇ. ಸದ್ದು ಕಡಿಮೆಯಾದ್ದರಿಂದ ಹಕ್ಕಿ ಕೂಗಿದರೆ ನಿಮಗೆ ಕೇಳಬಹುದು. ಪೆಟ್ರೋಲು ಮೆಷಿನ್ ಇದ್ದರೆ ಹಳ್ಳ, ಬಾವಿ ಪಕ್ಕ ಕೂತು ಎಣ್ಣೆ ತುಂಬಿಸಬೇಡಿ. ಚೆಲ್ಲಿದ ಸ್ವಲ್ಪ ಎಣ್ಣೆಯೂ ಗೊದಮೊಟ್ಟೆಗಳಿಗೆ ವಿಷ.

ಯಾವ ಹೊತ್ತಿನಲ್ಲಿ ಹೊಡೆಸುವುದು ಸರಿ?

ಬಿಸಿಲು ಏರಿದ ಮೇಲೆ, ಅಂದರೆ ಬೆಳಿಗ್ಗೆ ಒಂಬತ್ತು ಹತ್ತರ ನಂತರ, ಸಂಜೆ ನಾಲ್ಕರ ಒಳಗೆ. ಹಾವು, ಓತಿ, ಹಾವುರಾಣಿ ಇವಕ್ಕೆ ಮೈ ಬಿಸಿಯಾಗದೆ ಚುರುಕು ಬರುವುದಿಲ್ಲ. ಚಳಿಗಾಲದ ಬೆಳಿಗ್ಗೆ ಅವು ಮರಗಟ್ಟಿ ಬಿದ್ದಿರುತ್ತವೆ, ಮೆಷಿನ್ ಮೈಮೇಲೆ ಬಂದರೂ ಸರಿಯಲಾರವು. ಕತ್ತಲಾದ ಮೇಲೆ ಟಾರ್ಚು ಕಟ್ಟಿಕೊಂಡು ಹೊಡೆಯುವುದಂತೂ ಬೇಡವೇ ಬೇಡ. ಮಳೆ ಬಿದ್ದ ಮಾರನೇ ದಿನವೂ ಬೇಡ, ಕಪ್ಪೆಗಳೆಲ್ಲ ಹೊರಗಿರುತ್ತವೆ.

ಯಾವ ತಿಂಗಳು ತಪ್ಪಿಸಬೇಕು?

ಪೂರ್ತಿ ಸುರಕ್ಷಿತವಾದ ತಿಂಗಳು ಅಂತ ಇಲ್ಲ. ಟಿಟ್ಟಿಭ ಮಾರ್ಚಿನಿಂದ ಆಗಸ್ಟ್ ತನಕ ಮೊಟ್ಟೆ ಇಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಕಪ್ಪೆ, ಹುಂಡುಕೋಳಿ, ನವಿಲುಗಳ ಕಾಲ. ಆದ್ದರಿಂದ ಮಳೆಗಾಲದಲ್ಲಿ ಇಡೀ ತೋಟ ಒಟ್ಟಿಗೆ ಹೊಡೆಸಬೇಡಿ. ಓಡಾಡುವ ದಾರಿ, ಔಷಧಿ ಹೊಡೆಯಲು ಪೈಪು ಎಳೆಯುವ ಜಾಗ, ಮನೆ ಸುತ್ತ ಇಷ್ಟು ಚೊಕ್ಕ ಇಟ್ಟುಕೊಳ್ಳಿ. ದೊಡ್ಡ ಕೆಲಸ ಮಳೆ ಬಿಟ್ಟ ಮೇಲೆ, ಕೊಯ್ಲಿಗೆ ಮೊದಲು ಮಾಡಿ.

ಆಗಲೂ ತೋಟವನ್ನು ಎರಡು ಮೂರು ಭಾಗ ಮಾಡಿ, ಒಂದು ಹೊಡೆದು ಎರಡು ಮೂರು ವಾರ ಬಿಟ್ಟು ಇನ್ನೊಂದು ಹೊಡೆಯಿರಿ. ಹೊಡೆದ ಕಡೆಯಿಂದ ಎದ್ದವಕ್ಕೆ ಹೊಡೆಯದ ಕಡೆ ಜಾಗ ಇರುತ್ತದೆ. ಅಗಳಿನ ಪಕ್ಕ, ಬೇಲಿಸಾಲಿನಲ್ಲಿ ಒಂದು ಮಾರು ಅಗಲದ ಪಟ್ಟಿಯನ್ನು ಆ ವರ್ಷ ಮುಟ್ಟಲೇಬೇಡಿ, ಮುಂದಿನ ವರ್ಷ ಅದನ್ನು ಹೊಡೆದು ಬೇರೆ ಕಡೆ ಬಿಡಿ.

ಗೂಡು ಸಿಕ್ಕಿದರೆ ಎಷ್ಟು ದಿನ ಕಾಯಬೇಕು? ಮೊಟ್ಟೆ ಎತ್ತಿ ಬೇರೆ ಕಡೆ ಇಡಬಹುದಾ?

ಎತ್ತಬೇಡಿ. ಜಾಗ ಬದಲಾದರೆ ತಾಯಿ ಬರುವುದಿಲ್ಲ. ಗೂಡಿನ ಸುತ್ತ ಮೂರು ನಾಲ್ಕು ಮಾರು ಹುಲ್ಲು ಹಾಗೇ ಬಿಡಿ. ಸುತ್ತ ಬೋಳು ಮಾಡಿ ನಡುವೆ ಒಂದು ಜುಟ್ಟು ಬಿಟ್ಟರೆ ಕಾಗೆ, ನಾಯಿಗೆ ಸುಲಭವಾಗುತ್ತದೆ. ಬೇಲಿಗೆ ಅಥವಾ ಪೊದೆಗೆ ತಾಗುವ ಹಾಗೆ ಪಟ್ಟಿಯಾಗಿ ಬಿಡುವುದು ಜಾಣತನ.

ಕಾಯಬೇಕಾದ ದಿನ ಬಹಳ ಇಲ್ಲ. ಟಿಟ್ಟಿಭ, ನವಿಲಿನ ಮೊಟ್ಟೆ ಒಡೆಯಲು ನಾಲ್ಕು ವಾರ. ಹುಂಡುಕೋಳಿಗೆ ಸುಮಾರು 20 ದಿನ. ಇವುಗಳ ಮರಿ ಹುಟ್ಟಿದ ಒಂದೆರಡು ದಿನದಲ್ಲೇ ಓಡಾಡುತ್ತವೆ. ಸಿಂಪಿಗ ಹಕ್ಕಿಯಂಥವು ಗೂಡಿನಲ್ಲೇ ಮರಿ ಬೆಳೆಸುತ್ತವೆ, ಮೊಟ್ಟೆಯಿಂದ ಹಾರುವ ತನಕ ನಾಲ್ಕು ವಾರ ಕೊಟ್ಟರೆ ಸಾಕು. ಒಂದು ತಿಂಗಳು ಎರಡು ಗುಂಟೆ ಹುಲ್ಲು ಉಳಿದರೆ ಯಾವ ತೋಟವೂ ಹಾಳಾಗಿಲ್ಲ.

ಮೊಲದ ಮರಿ ಒಂದೇ ಇತ್ತು, ತಾಯಿ ಕಾಣಲಿಲ್ಲ. ಮನೆಗೆ ತರಬಹುದಾ?

ತರಬೇಡಿ. ಅದು ಅನಾಥ ಅಲ್ಲ. ತಾಯಿ ಮೊಲ ಹಗಲು ಮರಿಯ ಹತ್ತಿರ ಇರುವುದಿಲ್ಲ, ಇದ್ದರೆ ಬೇಟೆಯಾಡುವ ಪ್ರಾಣಿಗಳಿಗೆ ವಾಸನೆ ಸಿಗುತ್ತದೆ. ಕತ್ತಲಾದ ಮೇಲೆ ಬಂದು ಹಾಲು ಕೊಟ್ಟು ಹೋಗುತ್ತದೆ. ಆ ಜಾಗ ಬಿಟ್ಟು ಹೊಡೆಯಿರಿ. ಬ್ಲೇಡಿನ ದಾರಿಯಲ್ಲೇ ಇದ್ದು ಸರಿಸಲೇಬೇಕಾದರೆ ಕೈಗೆ ಹುಲ್ಲು ಸುತ್ತಿಕೊಂಡು ಎತ್ತಿ, ನಾಲ್ಕೈದು ಮಾರು ದೂರದ ಮರೆಯಲ್ಲಿ ಬಿಡಿ. ಮನೆಗೆ ತಂದು ಹಸುವಿನ ಹಾಲು ಕುಡಿಸಿದರೆ ಹೊಟ್ಟೆ ಕೆಟ್ಟು ಸಾಯುವುದೇ ಹೆಚ್ಚು.

ಕಾಡುಬೆಕ್ಕಿನ ಮರಿ, ಬಯಲುಸೀಮೆಯ ಕಬ್ಬಿನ ಗದ್ದೆ ಪಕ್ಕದಲ್ಲಾದರೆ ಚಿರತೆ ಮರಿ ಕೂಡ ಸಿಗುತ್ತವೆ. ಆಗ ಕೆಲಸ ನಿಲ್ಲಿಸಿ, ಎಲ್ಲರೂ ಹಿಂದೆ ಸರಿದು, ಅರಣ್ಯ ಇಲಾಖೆಗೆ ತಿಳಿಸಿ. ಮೊಬೈಲಿನಲ್ಲಿ ಫೋಟೊ ತೆಗೆಯಲು ಗುಂಪು ಕಟ್ಟಬೇಡಿ. ತಾಯಿ ಹತ್ತಿರದಲ್ಲೇ ಇರುತ್ತದೆ.

ಹಾವು ಕಂಡರೆ?

ಮೆಷಿನ್ ಆಫ್ ಮಾಡಿ, ನಾಲ್ಕು ಹೆಜ್ಜೆ ಹಿಂದೆ ಬನ್ನಿ, ಅದಕ್ಕೆ ಹೋಗಲು ಹೊತ್ತು ಕೊಡಿ. ಕೇರೆ ಹಾವು ಕ್ಷಣದಲ್ಲಿ ಹೋಗುತ್ತದೆ. ನಾಗರ ಹೆಡೆ ಎತ್ತಿ ನಿಂತರೂ ನೀವು ಅಲ್ಲಾಡದಿದ್ದರೆ ಇಳಿಸಿ ಹೋಗುತ್ತದೆ. ಕೊಳಕುಮಂಡಲ ಮಾತ್ರ ಬುಸುಗುಡುತ್ತ ಅಲ್ಲೇ ಇರಬಹುದು. ಆ ತುಂಡು ಜಾಗ ಬಿಟ್ಟು ಬೇರೆ ಕಡೆ ಹೊಡೆಯಿರಿ. ಮೆಷಿನ್‌ನಿಂದ ಹಾವು ಹೊಡೆಯಲು ಹೋಗುವುದು ಅಪಾಯ. ತುಂಡಾದ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು.

ಆಗುಂಬೆ ಸುತ್ತಮುತ್ತ, ಘಟ್ಟದ ಅಂಚಿನ ತೋಟಗಳಲ್ಲಿ ಇನ್ನೊಂದು ವಿಷಯ ಇದೆ. ಬೇಸಿಗೆಯಲ್ಲಿ ಕಾಳಿಂಗ ಸರ್ಪದ ಹೆಣ್ಣು ತರಗೆಲೆಗಳನ್ನು ಮೈಯಿಂದ ಎಳೆದು ಗುಡ್ಡೆ ಮಾಡಿ ಅದರೊಳಗೆ ಮೊಟ್ಟೆ ಇಡುತ್ತದೆ. ಹಾವುಗಳಲ್ಲಿ ಹೀಗೆ ಗೂಡು ಕಟ್ಟುವುದು ಇದೊಂದೇ ಅನ್ನುವಷ್ಟು ಅಪರೂಪ. ಪಶ್ಚಿಮ ಘಟ್ಟದ ಕಾಳಿಂಗ ಬೇರೆಯದೇ ಜಾತಿ ಅಂತ ವಿಜ್ಞಾನಿಗಳು 2024ರಲ್ಲಿ ಗುರುತಿಸಿದರು, ಅಂದರೆ ನಮ್ಮ ಘಟ್ಟ ಬಿಟ್ಟರೆ ಅದಕ್ಕೆ ಬೇರೆ ನೆಲೆ ಇಲ್ಲ. ಬಿದಿರುಮೆಳೆ ಬುಡದಲ್ಲಿ, ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಮೊಣಕಾಲೆತ್ತರದ ತರಗೆಲೆ ಗುಡ್ಡೆ ಕಂಡರೆ ಕೆದಕಬೇಡಿ. ಹಿಂದೆ ಸರಿದು ಅರಣ್ಯ ಇಲಾಖೆಗೆ ಹೇಳಿ.

ಯಾರಿಗಾದರೂ ಹಾವು ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲ್ಲಾಡದ ಹಾಗೆ ಇಟ್ಟು, 108ಕ್ಕೆ ಫೋನ್ ಮಾಡಿ, ಪ್ರತಿವಿಷ ಇರುವ ಆಸ್ಪತ್ರೆಗೆ ನೇರ ಹೋಗಿ. ನಿಮ್ಮ ಹತ್ತಿರದಲ್ಲಿ ಅಂಥ ಆಸ್ಪತ್ರೆ ಯಾವುದು ಅಂತ ಹುಲ್ಲು ಹೊಡೆಸುವ ಮೊದಲೇ ತಿಳಿದುಕೊಂಡಿರಿ.

ಹೊಡೆಯುವವರು ನಮ್ಮ ಮಾತು ಕೇಳಲ್ಲ, ಏನು ಮಾಡೋದು?

ಅವರನ್ನು ದೂರುವ ಮೊದಲು ಕೂಲಿ ಹೇಗೆ ಕೊಡುತ್ತಿದ್ದೀರಿ ನೋಡಿ. ಎಕರೆಗೆ ಇಷ್ಟು ಅಂತ ಗುತ್ತಿಗೆ ಮಾತಾಡಿದರೆ ಅವರು ಬೇಗ ಮುಗಿಸಲೇಬೇಕು, ನಿಂತು ನೋಡಿದರೆ ಅವರಿಗೆ ನಷ್ಟ. ಗಂಟೆ ಲೆಕ್ಕ ಅಥವಾ ದಿನದ ಲೆಕ್ಕ ಮಾತಾಡಿ. ನಡೆದು ನೋಡುವ ಹೊತ್ತನ್ನೂ ಕೂಲಿಗೆ ಸೇರಿಸಿ. “ಗೂಡು ಕಂಡರೆ ನಿಲ್ಸಿ ಅಣ್ಣ, ಆ ಹೊತ್ತಿಗೂ ದುಡ್ಡು ಕೊಡ್ತೇನೆ” ಅಂತ ಮೊದಲೇ ಬಾಯಿಬಿಟ್ಟು ಹೇಳಿ. ಆಮೇಲೆ ನೋಡಿ, ಅವರಷ್ಟು ಚೆನ್ನಾಗಿ ಗೂಡು ಹುಡುಕುವವರು ಇನ್ನೊಬ್ಬರಿಲ್ಲ. ಹುಲ್ಲಿನ ಜೊತೆ ದಿನವೂ ಇರುವವರು ಅವರೇ ಅಲ್ವಾ?

ಒಬ್ಬರು ಮುಂದೆ ನೋಡುತ್ತ ಹೋಗುವುದಾದರೆ ಮೆಷಿನ್‌ನಿಂದ 15 ಮೀಟರ್ ದೂರ ಇರಬೇಕು. ಕಲ್ಲು ಸಿಡಿದರೆ ಕಣ್ಣೇ ಹೋಗುತ್ತದೆ.

ಹುಲ್ಲು ಬಿಟ್ಟರೆ ಉಣುಗು ಜಾಸ್ತಿ ಆಗಲ್ವಾ? ಮಂಗನ ಕಾಯಿಲೆ ಭಯ ಇದೆ.

ಈ ಭಯ ನ್ಯಾಯವಾದದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ, ಉಣುಗಿನಿಂದ ಹರಡುವ ಈ ಕಾಯಿಲೆ ಇವತ್ತಿಗೂ ಮಲೆನಾಡಿನ ಮನೆಗಳಲ್ಲಿ ಜೀವ ತೆಗೆಯುತ್ತಿದೆ. ಆದ್ದರಿಂದ ಮನೆ ಸುತ್ತ, ಕೊಟ್ಟಿಗೆ ಸುತ್ತ, ಮಕ್ಕಳು ಓಡಾಡುವ ದಾರಿಯಲ್ಲಿ ಹುಲ್ಲು, ತರಗೆಲೆ ಚೊಕ್ಕ ಇರಲೇಬೇಕು. ಅಲ್ಲಿ ರಾಜಿ ಬೇಡ. ಜನ ಹೋಗದ ಅಂಚು, ಧರೆ, ಅಗಳಿನ ಬದಿ ಮಾತ್ರ ಬಿಡಿ ಅನ್ನುತ್ತಿದ್ದೇವೆ. ಮನೆ ಹತ್ತಿರ ಯಾವಾಗಲೂ ಗಿಡ್ಡ ಹುಲ್ಲೇ ಇದ್ದರೆ ಅಲ್ಲಿ ಯಾವ ಹಕ್ಕಿಯೂ ಮೊಟ್ಟೆ ಇಡಲು ಬರುವುದಿಲ್ಲ. ಆರು ತಿಂಗಳು ಬೆಳೆಯಲು ಬಿಟ್ಟು ಒಮ್ಮೆಲೇ ಹೊಡೆಸುವುದೇ ಎಲ್ಲರಿಗೂ ಕೆಟ್ಟದ್ದು.

ಹಾಗಾದರೆ ಕಳೆನಾಶಕ ಹೊಡೆದರೆ ಪ್ರಾಣಿ ಸಾಯಲ್ಲ ಅಲ್ವಾ?

ಬ್ಲೇಡಿಗೆ ಸಿಕ್ಕಿ ಸಾಯುವುದಿಲ್ಲ, ಅಷ್ಟೇ. ಗ್ಲೈಫೋಸೇಟ್ ಅನ್ನುವ ಕಳೆನಾಶಕದ ಜೊತೆ ಬೆರೆಸುವ ಅಂಟು ದ್ರವಗಳು ಗೊದಮೊಟ್ಟೆಗಳಿಗೆ ವಿಷ. ಬಸಿಗಾಲುವೆ ಇರುವ ತೋಟದಲ್ಲಿ ಹೊಡೆದದ್ದು ನೀರಿಗೆ ಹೋಗದೆ ಇರುವುದಿಲ್ಲ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಬಳಕೆಯನ್ನು ತರಬೇತಿ ಪಡೆದ ಕೀಟ ನಿಯಂತ್ರಕರಿಗೆ ಮಾತ್ರ ಸೀಮಿತ ಮಾಡಿತು. ಮೆಷಿನ್ ಎಷ್ಟೋ ವಾಸಿ. ಬೆಂಕಿ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು, ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಕೆರೆ, ಹೊಂಡ, ಬಾವಿ ಸುತ್ತ ಹೇಗೆ ಹೊಡೆಯಬೇಕು?

ಮಳೆಗಾಲದಲ್ಲಿ ಹೊಡೆಯಲೇಬೇಡಿ. ನೀರಿನ ಮೇಲೆ ಬಾಗಿದ ಕೊಂಬೆ, ಎಲೆಗಳನ್ನು ಒಮ್ಮೆ ಹತ್ತಿರ ಹೋಗಿ ನೋಡಿ. ಮುಷ್ಟಿ ಗಾತ್ರದ ಬಿಳಿ ನೊರೆಯ ಉಂಡೆ ಎಲೆಗಳ ನಡುವೆ ಅಂಟಿಕೊಂಡಿರುತ್ತದೆ. ಸಾಬೂನಿನ ನೊರೆ ಯಾರೋ ಎರಚಿದಂತೆ ಕಾಣುತ್ತದೆ. ಅದು ಮಲಬಾರ್ ಹಾರುವ ಕಪ್ಪೆಯ ಗೂಡು. ಹೆಣ್ಣು ಕಪ್ಪೆ ಹಿಂಗಾಲಿನಿಂದ ಕಡೆದು ಕಡೆದು ಈ ನೊರೆ ಮಾಡಿ, ಒಳಗೆ ಮೊಟ್ಟೆ ಇಡುತ್ತದೆ. ಹೊರಗೆ ಸ್ವಲ್ಪ ಗಟ್ಟಿಯಾಗಿ, ಒಳಗೆ ತೇವ ಉಳಿಯುತ್ತದೆ. ಸುಮಾರು ಒಂದು ವಾರದಲ್ಲಿ ಗೊದಮೊಟ್ಟೆಗಳು ನೊರೆ ಕರಗಿ ಕೆಳಗಿನ ನೀರಿಗೆ ಉದುರುತ್ತವೆ. ಎಲೆ ಕಡಿದು ನೆಲಕ್ಕೆ ಬಿದ್ದರೆ ಅಷ್ಟೂ ಒಣಗಿ ಹೋಗುತ್ತವೆ. ಹೊಂಡದ ಅಂಚಿನ ಗಿಡ ಸವರುವುದಿದ್ದರೆ ನವೆಂಬರ್ ಆದ ಮೇಲೆ ಮಾಡಿ.

ನೀರಿಲ್ಲದ ಕಡೆಯೂ ಕಪ್ಪೆ ಮೊಟ್ಟೆ ಇರುತ್ತದೆ. ಪಶ್ಚಿಮ ಘಟ್ಟದ ಪೊದೆಗಪ್ಪೆಗಳು ಗೊದಮೊಟ್ಟೆಯ ಹಂತವೇ ಇಲ್ಲದೆ ಮೊಟ್ಟೆಯಿಂದ ನೇರ ಪುಟ್ಟ ಕಪ್ಪೆಯಾಗಿ ಬರುತ್ತವೆ. ಅವುಗಳಿಗೆ ಬೇಕಾದದ್ದು ತೇವದ ಎಲೆ, ತೇವದ ನೆಲ.

ಹೂ ಬಿಟ್ಟ ಕಳೆ ಉಳಿಸಬೇಕಾ?

ಉಳಿಸಿದರೆ ನಿಮಗೇ ಲಾಭ. ಮುಟ್ಟಿದರೆ ಮುನಿಯ ಹೂವು ತುಡುವೆ ಜೇನಿಗೆ ಒಳ್ಳೆಯ ಪರಾಗ ಕೊಡುತ್ತದೆ. ತುಂಬೆ ಹೂವಿನ ಮೇಲೆ ಬೆಳಿಗ್ಗೆ ಹೊತ್ತು ಎಷ್ಟು ಚಿಟ್ಟೆ, ಜೇನು ಇರುತ್ತವೆ ನಿಂತು ನೋಡಿ. ಬೇಲಿಯ ಈಶ್ವರ ಬಳ್ಳಿ ಕಡಿಯಬೇಡಿ, ಕಪ್ಪು ಹಳದಿ ಬಣ್ಣದ ದೊಡ್ಡ ಬರ್ಡ್‌ವಿಂಗ್ ಚಿಟ್ಟೆಯ ಹುಳು ಆ ಕುಟುಂಬದ ಗಿಡ, ಬಳ್ಳಿ ಬಿಟ್ಟು ಬೇರೆ ತಿನ್ನುವುದಿಲ್ಲ. ಕೋಲು ಜೇನು ತಗ್ಗು ಗಿಡದ ಕಡ್ಡಿಗೆ ಒಂದೇ ಹಲ್ಲೆ ಕಟ್ಟುತ್ತದೆ, ಮೆಷಿನ್ ತಾಗಿದರೆ ಹುಳವೂ ಹೋಯಿತು, ಹೊಡೆಯುವವರ ಮುಖವೂ ಊದಿತು. ನಡೆದು ನೋಡುವಾಗ ಇದನ್ನೂ ನೋಡಿ.

ನೋಡಿಯೂ ಗಾಯವಾಯಿತು. ಈಗೇನು?

ರಟ್ಟಿನ ಪೆಟ್ಟಿಗೆಗೆ ಸಣ್ಣ ತೂತು ಮಾಡಿ, ಹಳೆ ಬಟ್ಟೆ ಹಾಸಿ, ಪ್ರಾಣಿಯನ್ನು ಒಳಗಿಟ್ಟು ಮುಚ್ಚಿ. ಕತ್ತಲು, ಸದ್ದಿಲ್ಲದ ಜಾಗ ಬೇಕು. ಬಾಯಿಗೆ ನೀರು ಹಾಕಬೇಡಿ, ಉಸಿರಿಗೆ ಹೋಗುತ್ತದೆ. ಹಾಲು, ಅನ್ನ ಬೇಡ. ಅರಿಸಿನ, ಸೀಮೆಎಣ್ಣೆ ಹಚ್ಚಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಬೆಂಗಳೂರಿನವರಿಗೆ ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ ಇದೆ. ಹಾವು, ಉಡ, ಕಾಡುಬೆಕ್ಕುಗಳನ್ನು ನೀವೇ ಹಿಡಿಯಲು ಹೋಗಬೇಡಿ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅನ್ನುವುದರೊಳಗೆ ಕಾಡುಹಕ್ಕಿ, ಸರೀಸೃಪಗಳ ಮೊಟ್ಟೆ ಹಾಳು ಮಾಡುವುದು, ಗೂಡು ಕೆಡಿಸುವುದೂ ಸೇರುತ್ತದೆ. ನವಿಲು, ಉಡ, ಹೆಬ್ಬಾವು ಹೆಚ್ಚಿನ ರಕ್ಷಣೆ ಇರುವ ಮೊದಲ ಪಟ್ಟಿಯಲ್ಲಿವೆ. ಗೂಡಿದೆ ಅಂತ ಗೊತ್ತಿದ್ದೂ ಮೆಷಿನ್ ಓಡಿಸುವುದು ಕಾನೂನಿಗೂ ತಪ್ಪು.

ಊರಲ್ಲಿ ಪಕ್ಕದ ಖಾಲಿ ಸೈಟ್ ಕ್ಲೀನ್ ಮಾಡಿಸಬೇಕು.

ಇದೇ ನಿಯಮ. ನಡೆದು ನೋಡಿ, ರಸ್ತೆ ಕಡೆಯಿಂದ ಶುರು ಮಾಡಿ ಮರ, ಪೊದೆ ಇರುವ ಕಡೆಗೆ ಹೊಡೆಸಿ. ರಸ್ತೆ ಕಡೆಗೆ ಓಡಿಸಿದರೆ ಗಾಡಿಗೆ ಸಿಗುತ್ತವೆ. ಜೆಸಿಬಿ ತರಿಸುವುದಾದರೆ ಎರಡು ದಿನ ಮೊದಲೇ ಹುಲ್ಲು ಹೊಡೆಸಿ, ಒಳಗಿದ್ದವು ಹೊರಟುಹೋಗಲಿ.

ನಾವು ಜರ್ಮನಿಯಲ್ಲಿದ್ದೇವೆ. ರೋಬೋ ಮೆಷಿನ್ ರಾತ್ರಿ ತಾನೇ ಹುಲ್ಲು ಕತ್ತರಿಸುತ್ತೆ. ಪರವಾಗಿಲ್ವಾ?

ರಾತ್ರಿ ಬೇಡ. ಅಲ್ಲಿ ಹೆಜ್‌ಹಾಗ್ ಅನ್ನುವ ಸಣ್ಣ ಮುಳ್ಳಿನ ಪ್ರಾಣಿ ರಾತ್ರಿ ಹುಳ ಹುಡುಕುತ್ತ ಹುಲ್ಲಿನಲ್ಲಿ ಓಡಾಡುತ್ತದೆ. ನಮ್ಮ ಮುಳ್ಳುಹಂದಿಗೂ ಅದಕ್ಕೂ ಸಂಬಂಧ ಇಲ್ಲ. ಅಪಾಯ ಬಂದರೆ ಓಡದೆ ಉಂಡೆಯಾಗಿ ಕೂರುತ್ತದೆ. ಡೆನ್ಮಾರ್ಕಿನಲ್ಲಿ ಸತ್ತ ಹೆಜ್‌ಹಾಗ್‌ಗಳನ್ನಿಟ್ಟು ಹಲವು ರೋಬೋಗಳನ್ನು ಪರೀಕ್ಷೆ ಮಾಡಿದಾಗ ಯಾವುದೂ ತಾಗುವ ಮೊದಲು ನಿಲ್ಲಲಿಲ್ಲ. 2024ರಲ್ಲಿ ಜರ್ಮನಿಯ ಕಲೋನ್ ನಗರ ರಾತ್ರಿ ರೋಬೋ ಓಡಿಸುವುದನ್ನು ನಿಷೇಧಿಸಿತು. ನಿಮ್ಮ ಊರಿನಲ್ಲಿ ನಿಷೇಧ ಇಲ್ಲದಿದ್ದರೂ ಟೈಮರನ್ನು ಹಗಲಿಗೆ ಬದಲಿಸಿ. ಬೇಲಿಗಿಡ ಬುಡದವರೆಗೆ ಕಡಿಯುವುದನ್ನು ಮಾರ್ಚ್ 1ರಿಂದ ಸೆಪ್ಟೆಂಬರ್ 30ರ ತನಕ ಅಲ್ಲಿನ ಕಾನೂನೇ ತಡೆಯುತ್ತದೆ. ಆಕಾರಕ್ಕೆ ಸ್ವಲ್ಪ ಸವರಬಹುದು, ಅದಕ್ಕೂ ಮೊದಲು ಗೂಡು ನೋಡಿಕೊಳ್ಳಿ.

ಹೊಡೆದ ಹುಲ್ಲನ್ನು ಏನು ಮಾಡಬೇಕು?

ಹರಡಿ ಅಡಿಕೆ ಬುಡಕ್ಕೆ ಹಾಕಿ. ರಾಶಿ ಮಾಡುವುದಿದ್ದರೆ ತೋಟದ ಮೂಲೆಯಲ್ಲಿ ಮಾಡಿ, ಅಲ್ಲೇ ಕೊಳೆಯಲು ಬಿಡಿ. ಆ ರಾಶಿಗೆ ಮತ್ತೆ ಮೆಷಿನ್ ಹಾಕಬೇಡಿ, ಸುಡಬೇಡಿ. ಒಳಗಿನ ಬಿಸಿಗೆ ಹಾವುಗಳು ಮೊಟ್ಟೆ ಇಡುತ್ತವೆ, ಹಾವುರಾಣಿ ಸೇರಿಕೊಳ್ಳುತ್ತದೆ. ಗೊಬ್ಬರಕ್ಕೆ ತೆಗೆಯುವಾಗ ಗುದ್ದಲಿ ಹಾಕದೆ, ಕೋಲಿನಿಂದ ಮೇಲಿನ ಪದರ ಸ್ವಲ್ಪ ಸ್ವಲ್ಪವೇ ಸರಿಸುತ್ತ ಬನ್ನಿ. ಬಿಳಿಯ, ಮೆತ್ತನೆ ಸಿಪ್ಪೆಯ ಮೊಟ್ಟೆ ಗೊಂಚಲಾಗಿ ಕಂಡರೆ ಮತ್ತೆ ಮುಚ್ಚಿ, ಆ ಬದಿಯನ್ನು ಎರಡು ಮೂರು ತಿಂಗಳು ಬಿಟ್ಟು, ಇನ್ನೊಂದು ಬದಿಯಿಂದ ಗೊಬ್ಬರ ತೆಗೆಯಿರಿ.